ಪಾರ್ಕ್ ಗೇಟಿನ ಹತ್ತಿರ ದಿನಾ ಸಂಜೆ ನಾಯಿ ಗಲಾಟೆ: ಏನಾದ್ರೂ ತೀರ್ಮಾನ ಮಾಡೋಣ

ಮನೆ 12: ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆನೂ ಅದೇ ರಾದ್ಧಾಂತ. ಸಾಕಿದ ನಾಯಿಗಳು ಈ ಕಡೆ, ಬೀದಿನಾಯಿಗಳು ಆ ಕಡೆ. ಮಕ್ಕಳು ಕಿರುಚ್ಕೊಂಡು ಓಡಿದ್ರು, ಕಂದು ನಾಯಿ ಅಟ್ಟಿಸ್ಕೊಂಡು ಹೋಯ್ತು. ಕಚ್ಚಲಿಲ್ವಲ್ಲ ಅಂತ ಸುಮ್ನಿರೋಕಾಗಲ್ಲ.

ಮನೆ 31: ಆ ಕಂದು ನಾಯಿನೇ ಲೀಡರ್. ಕೋಲು ಹಿಡಿದು ಅದನ್ನೊಂದು ಸಲ ಹೆದರಿಸಿದ್ರೆ ಉಳಿದವು ತಾವಾಗೇ ಬಾಲ ಮುದುರ್ತವೆ. ನಮ್ಮ ನಾಯಿ ವಿಷಯದಲ್ಲೂ ಟ್ರೈನರ್ ಹೇಳಿದ್ದು ಅದೇ, ಯಜಮಾನ ಯಾರು ಅಂತ ತೋರಿಸಿ ಅಂತ.

ಮನೆ 8: ಸರ್, ಆ ಯಜಮಾನಿಕೆ ಲೆಕ್ಕ ತುಂಬಾ ಹಳೇದು. 1947ರಲ್ಲಿ ರುಡಾಲ್ಫ್ ಶೆಂಕೆಲ್ ಅನ್ನೋರು ಮೃಗಾಲಯದಲ್ಲಿ ಕೂಡಿಹಾಕಿದ್ದ ತೋಳಗಳನ್ನ ನೋಡಿ ಬರೆದದ್ದು. ಅದನ್ನ ಜನಪ್ರಿಯ ಮಾಡಿದವರಲ್ಲಿ ಒಬ್ಬರಾದ ತೋಳ ಸಂಶೋಧಕ ಡೇವಿಡ್ ಮೀಚ್ ಅವರೇ 1999ರಲ್ಲಿ, ಕಾಡಿನ ತೋಳದ ಗುಂಪು ಅಂದ್ರೆ ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಅಂತ ಬರೆದ್ರು. ಬೀದಿನಾಯಿಗಳ ಗುಂಪಂತೂ ಅಷ್ಟು ಗಟ್ಟಿ ಇರಲ್ಲ, ಬರೋವು ಬರ್ತವೆ, ಹೋಗೋವು ಹೋಗ್ತವೆ.

ನಿನ್ನೆ ನಾನೂ ಅಲ್ಲೇ ಇದ್ದೆ. ಆ ಕಂದು ನಾಯಿ ಬೊಗಳೋಕೆ ಮುಂಚೆ ಮುಖ ಪಕ್ಕಕ್ಕೆ ತಿರುಗಿಸ್ತು, ಎರಡು ಮೂರು ಸಲ ತುಟಿ ನೆಕ್ಕಿತು, ಬಾಲ ಕಾಲ ಸಂದಿಯಲ್ಲಿತ್ತು. ಒಂದು ಸಲ ಬೊಗಳೋದು, ಒಂದು ಹೆಜ್ಜೆ ಹಿಂದೆ. ಅದು ಶುದ್ಧ ಹೆದರಿಕೆ. ಹೆದರಿರೋದನ್ನ ಇನ್ನೂ ಹೆದರಿಸಿದ್ರೆ ಕಚ್ಚೋದೊಂದೇ ಬಾಕಿ ಉಳಿಯುತ್ತೆ. ಬೇಜಾರು ಮಾಡ್ಕೋಬೇಡಿ, ನನಗೆ ಭಯ ಆಗಿದ್ದು ನಿಮ್ಮ ನಾಯಿ ನೋಡಿ.

ಮನೆ 31: ನಮ್ಮದಾ?! ಅದು ಬಾಲ ಆಡಿಸ್ತಾ ಇತ್ತಲ್ರೀ.

ಮನೆ 8: ಆಡಿಸ್ತಿತ್ತು, ಆದ್ರೆ ಬಾಲ ನೆಟ್ಟಗೆ ಮೇಲೆ, ಮೈ ಸೆಟೆದು, ಬಾಯಿ ಬಿಗಿ, ದೃಷ್ಟಿ ಕದಲ್ತಾ ಇರಲಿಲ್ಲ. ಖುಷಿಯಾಗಿರೋ ನಾಯಿಗೆ ಸೊಂಟದವರೆಗೂ ಮೈ ಸಡಿಲ ಇರುತ್ತೆ. ಅದು ಗುರ್ ಅಂದಾಗ ನೀವು ಹಗ್ಗ ಜಗ್ಗಿ ಬೈದ್ರಿ. ಬೇರೆ ನಾಯಿ ಕಂಡ್ರೆ ಕತ್ತಿಗೆ ನೋವು ಅಂತ ಅದು ಕಲಿಯುತ್ತೆ. ಗುರ್ ಅನ್ನೋದು ಎಚ್ಚರಿಕೆ; ಅದನ್ನ ಅಡಗಿಸಿದ್ರೆ ಸಿಟ್ಟು ಹೋಗಲ್ಲ, ಮುಂದಿನ ಸಲ ಎಚ್ಚರಿಕೆ ಇಲ್ಲದೇ ಬಾಯಿ ಹಾಕ್ಬಹುದು.

ಮನೆ 31: ಬೈದ ಮೇಲೆ ತಪ್ಪಾಯ್ತು ಅನ್ನೋ ಹಾಗೆ ತಲೆ ತಗ್ಗಿಸುತ್ತಲ್ಲ?

ಮನೆ 8: 2009ರಲ್ಲಿ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನೋ ನಾಯಿ ಸಂಶೋಧಕಿ ಇದನ್ನೇ ಪರೀಕ್ಷೆ ಮಾಡಿದ್ರು. ತಪ್ಪು ಮಾಡಿರಲಿ, ಬಿಡಲಿ, ಬೈಸಿಕೊಂಡಾಗ ನಾಯಿಗಳು ಆ ಮುಖ ಮಾಡಿದ್ವು. ನಮ್ಮ ಸಿಟ್ಟಿಗೆ ಉತ್ತರ ಅದು, ಪಶ್ಚಾತ್ತಾಪ ಅಂತ ಓದ್ಕೊಳ್ಳೋದು ನಾವು.

ಮನೆ 5: ನಮ್ಮನೇದು ಡೆಲಿವರಿ ಹುಡುಗರಿಗೆ ದಿನಾ ಬೊಗಳುತ್ತೆ. ಅವರು ಕೊಟ್ಟು ಹೋಗ್ತಾರೆ, ಇದು ತಾನೇ ಓಡಿಸಿದೆ ಅಂತ ಬೀಗುತ್ತೆ 😀

ಮನೆ 19: ಸಂಜೆ ಗೇಟಿನ ಹತ್ತಿರ ಅವಕ್ಕೆ ಊಟ ಹಾಕೋದು ನಾನೇ. ಈಗ ಎಲ್ಲ ನನ್ನ ಮೇಲೇ ಬರುತ್ತೆ ಅಂತ ಗೊತ್ತು. ಹಸಿದ ಪ್ರಾಣಿಗೆ ಹಾಕಬಾರದಾ?

ಮನೆ 8: ಹಾಕಿ ಆಂಟಿ, ಖಂಡಿತ ಹಾಕಿ. ಜಾಗ ಮಾತ್ರ ಬದಲಾಯಿಸಿ. ಊಟದ ಜಾಗವನ್ನ ಅವು ಕಾಯ್ತವೆ, ಅದೇ ಹೊತ್ತಿಗೆ ನಮ್ಮ ನಾಯಿಗಳು ಅಲ್ಲೇ ಹಾದುಹೋಗ್ತವೆ. ಹಿಂದಿನ ಖಾಲಿ ಸೈಟಲ್ಲಿ, ವಾಕಿಂಗ್ ಶುರುವಾಗೋ ಮುಂಚೆ, ಒಂದೊಂದಕ್ಕೂ ದೂರ ದೂರ ಹಾಕಿದ್ರೆ ಅರ್ಧ ಜಗಳ ಕಮ್ಮಿ ಆಗ್ಬಹುದು.

ಮನೆ 19: ಅಷ್ಟೇ ಆದ್ರೆ ನಾಳೆಯಿಂದಲೇ.

ಮನೆ 31: ನನ್ನ ನಾಯಿಗೆ ಏನು ಮಾಡ್ಲಿ, ಅದನ್ನ ಹೇಳಿ.

ಮನೆ 8: ಬೇರೆ ನಾಯಿ ಕಾಣಬೇಕು, ಆದ್ರೂ ನಿಮ್ಮದು ಆರಾಮಾಗಿ ಇರಬೇಕು, ಅಷ್ಟು ದೂರದಲ್ಲಿ ನಿಲ್ಲಿ. ಅದರ ಕಣ್ಣು ಆ ಕಡೆ ಹೋದ ತಕ್ಷಣ, ಸೆಕೆಂಡೆರಡರೊಳಗೆ, ಇಷ್ಟದ ತಿನಿಸು ಕೊಡಿ. ಆ ನಾಯಿ ಮರೆಯಾದ್ರೆ ತಿನಿಸೂ ಬಂದ್. ತಿನಿಸು ಮೂಸಿಯೂ ನೋಡದಿದ್ರೆ ತೀರಾ ಹತ್ತಿರ ಹೋಗಿದ್ದೀರಿ ಅಂತ ಲೆಕ್ಕ, ವಾಪಸ್ ಬನ್ನಿ. ಹಗ್ಗ ಸಡಿಲ ಇರಲಿ. ಒಂದು ದಿನ ದೊಡ್ಡ ಜಗಳ ಆಗಿದ್ರೆ ಮಾರನೇ ದಿನ ಅಭ್ಯಾಸ ಬೇಡ, ಆ ಉದ್ವೇಗ ಇಳಿಯೋಕೆ ಹೊತ್ತು ಬೇಕು.

ಮನೆ 12: ಮಕ್ಕಳಿಗೆ?

ಮನೆ 8: ಓಡಬಾರದು, ದಿಟ್ಟಿಸಬಾರದು, ಕೈ ಕೆಳಗೆ ಬಿಟ್ಟು ಮರದ ಹಾಗೆ ನಿಲ್ಲಬೇಕು. ಓಡೋದನ್ನ ಕಂಡ್ರೆ ಅಟ್ಟಿಸೋದು ನಾಯಿ ಸ್ವಭಾವ. ಹಲ್ಲು ತಾಗಿದ್ರೆ, ಗೀರೇ ಆಗಿರಲಿ, ಸೋಪು ಹಾಕಿ ಹರಿಯೋ ನೀರಲ್ಲಿ 15 ನಿಮಿಷ ತೊಳೆದು ತಡಮಾಡದೆ ಡಾಕ್ಟರ್ ಹತ್ತಿರ.

ಮನೆ 12: ಸರಿ. ಊಟದ ಜಾಗ 19ನೇ ಮನೆ ಆಂಟಿ ನೋಡ್ಕೋತಾರೆ. ಸಾಕುನಾಯಿಗಳು ಸದ್ಯಕ್ಕೆ ಹಿಂದಿನ ರಸ್ತೆ ಕಡೆ ವಾಕಿಂಗ್. ಭಾನುವಾರ ಮಕ್ಕಳನ್ನ ಸೇರಿಸ್ತೀನಿ, 8ನೇ ಮನೆಯವರು ಬಂದು ನಿಂತು ತೋರಿಸಬೇಕು.

ಮನೆ 31: ನಾನೂ ಪ್ರಯತ್ನ ಮಾಡ್ತೀನಿ. ಆದ್ರೆ ಎರಡು ವಾರದಲ್ಲಿ ಸರಿಹೋಗದಿದ್ರೆ ಕೋಲಿನ ಮಾತು ಮತ್ತೆ ಎತ್ತೋದೇ.

ಮನೆ 8: ಎರಡು ವಾರಕ್ಕೆ ಆಗಲ್ಲ ಸರ್, ಈಗಲೇ ಹೇಳಿಬಿಡ್ತೀನಿ. ಎರಡು ಮೂರು ತಿಂಗಳು ಇಟ್ಕೊಳ್ಳಿ.