ಹಡಗಿನ ಹಿಂಬದಿಯ ಬಾಲ್ಕನಿ ಕ್ಯಾಬಿನ್: ಅಲಾಸ್ಕಾಕ್ಕೆ ಹೋಗಿ ಬಂದವರ ಅನುಭವಗಳು

ಕೇಳಿದವರು, ಬೆಲ್‌ವ್ಯೂ

ಜೂನ್ ತಿಂಗಳಲ್ಲಿ ಮೈಸೂರಿನಿಂದ ನಮ್ಮ ಅತ್ತೆ, ಮಾವ ಇಲ್ಲಿಗೆ ಬರುತ್ತಿದ್ದಾರೆ. ಅವರನ್ನು ಸಿಯಾಟಲ್‌ನಿಂದ ಹೊರಡುವ ಏಳು ರಾತ್ರಿಗಳ ಅಲಾಸ್ಕಾ ಕ್ರೂಸ್‌ಗೆ ಕರೆದುಕೊಂಡು ಹೋಗಬೇಕೆಂದಿದ್ದೇವೆ. ಏಜೆಂಟರು ಎರಡು ಕ್ಯಾಬಿನ್‌ಗಳನ್ನು ಶುಕ್ರವಾರದವರೆಗೆ ನಮಗಾಗಿ ಹಿಡಿದಿಟ್ಟಿದ್ದಾರೆ. ಒಂದು ಹಡಗಿನ ನಡುಭಾಗದಲ್ಲಿದ್ದು, ಅದರ ಬಾಲ್ಕನಿ ಪಕ್ಕಕ್ಕೆ ತೆರೆದುಕೊಳ್ಳುತ್ತದೆ. ಇನ್ನೊಂದು ಹಡಗಿನ ಹಿಂತುದಿಯಲ್ಲಿದ್ದು, ಬಾಲ್ಕನಿ ಹಿಂದಕ್ಕೆ ಮುಖ ಮಾಡಿದೆ. ಎರಡನೆಯದಕ್ಕೆ ಬೆಲೆ ಸ್ವಲ್ಪ ಹೆಚ್ಚು. ಮಾವನವರಿಗೆ ಮಂಡಿನೋವು, ಅತ್ತೆಯವರಿಗೆ ಘಟ್ಟದ ಬಸ್ಸಿನಲ್ಲಿ ಕುಳಿತರೂ ಹೊಟ್ಟೆ ತೊಳಸುತ್ತದೆ. ಹಿಂಬದಿಯ ಕ್ಯಾಬಿನ್‌ನಲ್ಲಿ ಉಳಿದುಕೊಂಡವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಸ್ಯಾನ್ ಹೋಸೆಯಿಂದ

ನಾವು ಅಲಾಸ್ಕಾಕ್ಕೆ ಎರಡು ಬಾರಿ ಹೋಗಿದ್ದೇವೆ, ಎರಡು ಬಾರಿಯೂ ಹಿಂಬದಿಯ ಬಾಲ್ಕನಿಯನ್ನೇ ಆರಿಸಿಕೊಂಡಿದ್ದೆವು. ಮೂರನೆಯ ಬಾರಿ ಹೋದರೂ ಅದನ್ನೇ ಕೇಳುತ್ತೇನೆ. ಆದರೆ ಅದು ಯಾವ ಡೆಕ್ಕಿನದು, ಅಂದರೆ ಯಾವ ಅಂತಸ್ತಿನದು, ಅದರ ಮೇಲೇನಿದೆ, ಕೆಳಗೇನಿದೆ ಎಂದು ನೋಡದೆ ಮುಂಗಡ ಮಾತ್ರ ಕಟ್ಟುವುದಿಲ್ಲ.

ಮೊದಲು ಅನುಕೂಲಗಳನ್ನು ಹೇಳುತ್ತೇನೆ. ಹಡಗು 20 ನಾಟ್ ವೇಗದಲ್ಲಿ ಸಾಗುತ್ತಿದೆ ಎಂದರೆ ಗಂಟೆಗೆ ಸುಮಾರು 37 ಕಿಲೋಮೀಟರ್. ಪಕ್ಕದ ಬಾಲ್ಕನಿಯಲ್ಲಿ ಕುಳಿತವರಿಗೆ ಆ ವೇಗದ ಗಾಳಿ ಕೆನ್ನೆಗೆ ಬಡಿಯುತ್ತಲೇ ಇರುತ್ತದೆ, ಅಲಾಸ್ಕಾದ ಚಳಿಯಲ್ಲಿ ಅದನ್ನು ಹಿರಿಯರು ಹತ್ತು ನಿಮಿಷವೂ ತಾಳಲಾರರು. ಹಿಂಬದಿಯಲ್ಲಾದರೆ ಇಡೀ ಹಡಗೇ ಗೋಡೆಯಂತೆ ಗಾಳಿಗೆ ಅಡ್ಡ ನಿಲ್ಲುತ್ತದೆ. ನಮ್ಮ ಅಮ್ಮ ಒಂದು ಸ್ವೆಟರ್, ಮೇಲೊಂದು ಶಾಲು ಹೊದ್ದು, ಬೆಳಗಿನ ಕಾಫಿಯಿಂದ ಮಧ್ಯಾಹ್ನದ ಊಟದವರೆಗೂ ಅಲ್ಲೇ ಕುಳಿತಿರುತ್ತಿದ್ದರು. ಪಕ್ಕದ ಬಾಲ್ಕನಿಯಿಂದ ಒಂದೇ ದಡ ಕಾಣುತ್ತದೆ, ಹಿಂಬದಿಯಿಂದ ಎರಡೂ ದಡಗಳು, ನಡುವೆ ಹಡಗು ಬಿಟ್ಟುಬಂದ ನೊರೆಯ ಜಾಡು, ಎಲ್ಲವೂ ಒಟ್ಟಿಗೆ ಕಾಣುತ್ತವೆ.

ಬಿಸಿಲಿನ ಲೆಕ್ಕವನ್ನು ಬಹಳ ಜನ ಮಾಡುವುದಿಲ್ಲ. ಹೋಗುವಾಗ ಹಡಗು ಉತ್ತರಕ್ಕೆ ಸಾಗುವುದರಿಂದ ಅದರ ಬೆನ್ನು ದಕ್ಷಿಣಕ್ಕಿರುತ್ತದೆ, ಹಾಗಾಗಿ ಮೋಡವಿಲ್ಲದ ದಿನ ಹಿಂಬದಿಯ ಬಾಲ್ಕನಿಗೆ ಹೊತ್ತು ಹೊತ್ತಿಗೂ ಎಳೆಬಿಸಿಲು ಬೀಳುತ್ತದೆ. ಬರುವಾಗ ಅದೇ ಬಾಲ್ಕನಿ ಉತ್ತರಕ್ಕೆ ತಿರುಗಿ ನೆರಳಾಗುತ್ತದೆ. ಆದ್ದರಿಂದ ಹೊರಗೆ ಕುಳಿತುಕೊಳ್ಳುವ ಆಸೆಯನ್ನು ಮೊದಲ ಮೂರು ದಿನಗಳಲ್ಲೇ ತೀರಿಸಿಕೊಳ್ಳುವುದು ಒಳ್ಳೆಯದು. ಜೂನ್‌ನಲ್ಲಿ ಅಲಾಸ್ಕಾದ ರಾಜಧಾನಿ ಜೂನೋದ ಹಗಲು ಸುಮಾರು 18 ಗಂಟೆಗಳಷ್ಟು ಉದ್ದವಾಗಿರುವುದರಿಂದ ರಾತ್ರಿ ಊಟ ಮುಗಿಸಿ ಬಂದ ಮೇಲೂ ಬೆಳಕಿರುತ್ತದೆ.

ನಿಮ್ಮ ಹಡಗು ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನದೊಳಗೆ ಹೋಗುತ್ತದೆಯೇ ಎಂದು ಅವಶ್ಯವಾಗಿ ವಿಚಾರಿಸಿ, ಏಕೆಂದರೆ ಎಲ್ಲ ಹಡಗುಗಳಿಗೂ ಅಲ್ಲಿ ಪ್ರವೇಶವಿಲ್ಲ. ದಿನಕ್ಕೆ ಹೆಚ್ಚೆಂದರೆ ಎರಡು ದೊಡ್ಡ ಕ್ರೂಸ್ ಹಡಗುಗಳನ್ನು ಬಿಡುತ್ತಾರೆ. ಕೊಲ್ಲಿಯ ಬಾಯಿಂದ ಸುಮಾರು 100 ಕಿಲೋಮೀಟರ್ ಒಳಗೆ ಮಾರ್ಜರಿ ಹಿಮನದಿ ಇದೆ. ಹಡಗು ಅದರ ಮುಂದೆ ನಿಂತು, ಎಲ್ಲ ಬದಿಯವರಿಗೂ ಕಾಣಲೆಂದು ನಿಧಾನವಾಗಿ ಸುತ್ತು ತಿರುಗುತ್ತದೆ. ಹಡಗು ಒಳಗೆ ಹೋಗುವಾಗ ಹಿಂಬದಿಯವರಿಗೆ ಹಿಮನದಿ ಕಾಣುವುದಿಲ್ಲ, ಆ ಹೊತ್ತಿನಲ್ಲಿ ಮೇಲಿನ ತೆರೆದ ಡೆಕ್ಕಿಗೆ ಹೋಗಿ ಮುಂದೆ ನಿಲ್ಲಬೇಕು. ಆದರೆ ಹೊರಡುವಾಗ ಮುಂದೆ ನಿಂತವರೆಲ್ಲ ಒಳಗೆ ಊಟಕ್ಕೆ ಹೋಗಿರುತ್ತಾರೆ, ಹಿಮನದಿ ಮಾತ್ರ ನಿಮ್ಮ ಬಾಲ್ಕನಿಯ ಎದುರಿಗೇ ನಿಂತು, ಬಹಳ ಹೊತ್ತು, ಸ್ವಲ್ಪಸ್ವಲ್ಪವಾಗಿ ಚಿಕ್ಕದಾಗುತ್ತಾ ಹೋಗುತ್ತದೆ. 1794ರಲ್ಲಿ ನಾವಿಕ ಜಾರ್ಜ್ ವ್ಯಾಂಕೂವರ್ ಅವರ ನೌಕಾತಂಡದವರು ಬಂದಾಗ ಈ ಕೊಲ್ಲಿಯೇ ಇರಲಿಲ್ಲ, ಅದರ ಬಾಯಿಯ ಬಳಿಯವರೆಗೂ ಹಿಮವೇ ತುಂಬಿತ್ತು ಎಂದು ಹಡಗಿಗೆ ಹತ್ತಿದ ಉದ್ಯಾನದ ರೇಂಜರ್ ವಿವರಿಸುತ್ತಿದ್ದರು. ಹಿಮ ಸರಿದುಹೋದ ಆ ದಾರಿಯಷ್ಟನ್ನೂ ಹಿಂದಕ್ಕೆ ಮುಖ ಮಾಡಿ ಕುಳಿತು ನೋಡಿದ್ದು ನನ್ನ ಮನಸ್ಸಿನಿಂದ ಇಂದಿಗೂ ಹೋಗಿಲ್ಲ. ರೇಂಜರ್ ಅವರ ಮಾತು ಹಿಂಬದಿಯ ಬಾಲ್ಕನಿಗೆ ಸರಿಯಾಗಿ ಕೇಳಿಸದಿದ್ದರೆ ಕ್ಯಾಬಿನ್ನಿನ ಟೀವಿಯಲ್ಲಿ ಬರುತ್ತದೆಯೇ ಎಂದು ನೋಡಿ, ಬಾಗಿಲನ್ನು ಸ್ವಲ್ಪ ತೆರೆದಿಟ್ಟುಕೊಳ್ಳಿ.

ಇನ್ನು ಡೆಕ್ಕಿನ ವಿಚಾರ. ಹಡಗಿನ ನಕ್ಷೆ ತೆರೆದು, ನಿಮ್ಮ ಕ್ಯಾಬಿನ್ನಿನ ಮೇಲಿನ ಡೆಕ್ಕಿನಲ್ಲೂ ಕೆಳಗಿನ ಡೆಕ್ಕಿನಲ್ಲೂ ಕ್ಯಾಬಿನ್‌ಗಳೇ ಇರುವಂತೆ ನೋಡಿಕೊಳ್ಳಿ. ಬಹಳಷ್ಟು ಹಡಗುಗಳಲ್ಲಿ ಬಫೆ ಊಟದ ಜಾಗ ಮೇಲಿನ ಡೆಕ್ಕಿನ ಹಿಂಭಾಗದಲ್ಲಿರುತ್ತದೆ. ಅದರ ಕೆಳಗೇ ನಿಮ್ಮ ಕ್ಯಾಬಿನ್ ಇದ್ದರೆ ಬೆಳಗಿನ ಜಾವ ಐದು ಗಂಟೆಗೇ ಕುರ್ಚಿ ಎಳೆಯುವ ಸದ್ದು ನೆತ್ತಿಯ ಮೇಲೆ ಶುರುವಾಗುತ್ತದೆ. ಮೊದಲ ಪ್ರವಾಸದಲ್ಲಿ ನಾವು ಅದನ್ನು ಏಳು ಬೆಳಗೂ ಕೇಳಿದೆವು. ತೀರ ಕೆಳಗಿನದು ಬೇಡ, ಅಲ್ಲಿ ಬಂದರಿಗೆ ಹಡಗು ಕಟ್ಟುವ ಹಗ್ಗಗಳ ಯಂತ್ರಗಳ ಗದ್ದಲ. ಕೆಲವು ಹಡಗುಗಳ ಹಿಂಭಾಗ ಮೆಟ್ಟಿಲು ಮೆಟ್ಟಿಲಾಗಿ ಹೊರಚಾಚಿರುವುದರಿಂದ ಕೆಳಗಿನ ಬಾಲ್ಕನಿಗಳು ಅಗಲವಾಗಿದ್ದು, ಆರಾಮಕುರ್ಚಿ ಹಾಕುವಷ್ಟು ಜಾಗವಿರುತ್ತದೆ. ಆದರೆ ಮೇಲಿನವರು ಬಗ್ಗಿದರೆ ನೀವು ಪೂರ್ತಿ ಕಾಣುತ್ತೀರಿ. ಅತ್ತೆಯವರಿಗೆ ಅದು ಮುಜುಗರವೆನಿಸಬಹುದು.

ಹಿಂದಕ್ಕೆ ಮುಖ ಮಾಡಿದ ಕ್ಯಾಬಿನ್‌ಗಳು ಸಾವಿರ ಕೋಣೆಗಳ ಹಡಗಿನಲ್ಲೂ ಕೆಲವೇ ಇರುವುದರಿಂದ ಬೇಗ ಖರ್ಚಾಗುತ್ತವೆ. ಕ್ಯಾಬಿನ್ನಿನ ಸಂಖ್ಯೆಯನ್ನು ಹಡಗಿನವರೇ ಆಮೇಲೆ ಕೊಡುವ ಅಗ್ಗದ ಟಿಕೆಟ್ ತೆಗೆದುಕೊಂಡರೆ ಇದು ನಿಮಗೆ ಸಿಗುತ್ತದೆಂಬ ಖಾತ್ರಿಯಿಲ್ಲ. ಬುಕಿಂಗ್‌ನಲ್ಲಿ "ಅಪ್‌ಗ್ರೇಡ್ ಬೇಡ" ಎಂದೂ ಬರೆಸಿ. ಇಲ್ಲವಾದರೆ ಇದಕ್ಕಿಂತ ಉತ್ತಮದ್ದೆಂದು ಹೇಳಿ ಪಕ್ಕದ ಬಾಲ್ಕನಿಗೆ ಬದಲಾಯಿಸಿಬಿಡುವ ಸಂಭವವಿದೆ.

ವ್ಯಾಂಕೂವರ್‌ನಿಂದ

ಮೇಲಿನವರು ಹೇಳಿದ್ದು ನಿಜ. ಆದರೂ ನಿಮ್ಮ ಅತ್ತೆಯವರ ವಿಷಯ ಓದಿ, ನಾನು ಪಟ್ಟ ಕಷ್ಟವನ್ನೂ ಹೇಳಬೇಕೆನಿಸಿತು.

ಸೀಸಾ ಹಲಗೆಯಲ್ಲಿ ನಡುವೆ ಕುಳಿತವರು ಅಲುಗುವುದು ಕಡಿಮೆ, ತುದಿಯಲ್ಲಿ ಕುಳಿತವರು ಏರಿ ಇಳಿಯುವುದು ಹೆಚ್ಚು. ಹಡಗೂ ಹಾಗೆಯೇ. ನಾವು ಸಿಯಾಟಲ್‌ನಿಂದ ಹೊರಟಿದ್ದೆವು. ಅಲ್ಲಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್ ಸಾಗರದಲ್ಲಿ ಸಾಗುತ್ತವೆ. ಎರಡನೆಯ ದಿನವಿಡೀ ನನ್ನ ಹೆಂಡತಿ ಹಾಸಿಗೆ ಬಿಟ್ಟೇಳಲಿಲ್ಲ. ಮೂರು ವರ್ಷಗಳ ನಂತರ ಇಲ್ಲಿಂದಲೇ, ವ್ಯಾಂಕೂವರ್‌ನಿಂದ ಹೊರಟಾಗ ಹಡಗು ದ್ವೀಪಕ್ಕೂ ಮುಖ್ಯಭೂಮಿಗೂ ನಡುವಿನ ಕಿರಿದಾದ ನೀರಿನಲ್ಲಿ ಹೋಯಿತು. ತೆರೆದ ಸಾಗರಕ್ಕೆ ಒಡ್ಡಿಕೊಂಡ ಕ್ವೀನ್ ಶಾರ್ಲಟ್ ಸೌಂಡ್ ದಾಟುವ ಕೆಲವು ಗಂಟೆಗಳನ್ನು ಬಿಟ್ಟರೆ ಆಕೆಗೆ ತೊಂದರೆಯೇ ಆಗಲಿಲ್ಲ. ಆಗಲೂ ನಮ್ಮದು ಹಿಂಬದಿಯ ಕ್ಯಾಬಿನ್ನೇ. ಹಾಗಾಗಿ ಯಾವ ಕ್ಯಾಬಿನ್ ಎಂದು ಕೇಳುವ ಮೊದಲು ಯಾವ ದಾರಿ ಎಂದು ಕೇಳಿಕೊಳ್ಳಿ.

ಕಂಪನವೂ ಇದೆ. ಹಡಗನ್ನು ತಳ್ಳುವ ಯಂತ್ರಗಳು ಹಿಂಭಾಗದ ಕೆಳಗೇ ಇರುವುದರಿಂದ ವೇಗ ಹೆಚ್ಚಿದಾಗ ಮೇಜಿನ ಮೇಲಿನ ಲೋಟದ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳು ಏಳುತ್ತಿದ್ದವು, ಬೀರುವಿನೊಳಗೆ ಬಟ್ಟೆ ತೂಗುಹಾಕುವ ಹ್ಯಾಂಗರುಗಳು ರಾತ್ರಿಯೆಲ್ಲ ಕಟಕಟ ಅನ್ನುತ್ತಿದ್ದವು. ಅವುಗಳ ನಡುವೆ ಕೈವಸ್ತ್ರ ಸಿಕ್ಕಿಸಿದ ಮೇಲೆ ನಿದ್ದೆ ಬಂತು. ಬೆಳಗ್ಗೆ ಬಂದರಿಗೆ ಹಡಗು ಸರಿಯುವಾಗ ಅರ್ಧ ಗಂಟೆ ಮಂಚವೇ ನಡುಗುತ್ತದೆ. ಅದು ಯಾವ ಹಿಂಬದಿಯ ಕ್ಯಾಬಿನ್ನಿಗೂ ತಪ್ಪಿದ್ದಲ್ಲ ಎಂದುಕೊಂಡೇ ಹೋಗಿ.

ಇನ್ನೊಂದು ಮಸಿ. ಗಾಳಿ ಮುಂದಿನಿಂದ ಬೀಸಿದ ದಿನ ಹೊಗೆಗೊಳವೆಯ ಮಸಿ ಹಿಂಬದಿಯ ಬಾಲ್ಕನಿಗೇ ಇಳಿಯುತ್ತದೆ. ನಮ್ಮ ತಂದೆಯವರು ಒಗೆದ ಬಿಳಿ ಪಂಚೆಯನ್ನು ಕುರ್ಚಿಯ ಬೆನ್ನಿಗೆ ಹರವಿದ್ದರು. ಸಂಜೆ ನೋಡಿದರೆ ಸಾಸಿವೆ ಸಿಡಿದಂತೆ ಅದರ ತುಂಬ ಕರಿಯ ಚುಕ್ಕೆಗಳು. ಬೆರಳಿನಿಂದ ಒರೆಸಿದರೆ ಒಂದೊಂದೂ ಗೀಟಾಗಿ ಎಳೆದುಕೊಂಡಿತು, ಮನೆಗೆ ಬಂದು ಎಷ್ಟು ಒಗೆದರೂ ಪೂರ್ತಿ ಹೋಗಲಿಲ್ಲ. ಎಲ್ಲ ಹಡಗುಗಳಲ್ಲೂ ಹೀಗಾಗುವುದಿಲ್ಲ, ಆದ್ದರಿಂದ ನಿಮ್ಮ ಹಡಗಿನಲ್ಲಿ ಹಿಂದೆ ಉಳಿದವರನ್ನೇ ಹುಡುಕಿ ಕೇಳಬೇಕು.

ಶಿವಮೊಗ್ಗದಿಂದ

ನನಗೆ ಈಗ 71 ವರ್ಷ. ಹೋದ ವರ್ಷ ಮಗಳು, ಅಳಿಯ ನಮ್ಮಿಬ್ಬರನ್ನೂ ಅಲಾಸ್ಕಾಕ್ಕೆ ಕರೆದುಕೊಂಡು ಹೋಗಿದ್ದರು. ಕರೆದೊಯ್ದವರ ಮಾತಿನ ಜೊತೆಗೆ, ಹಾಗೆ ಹೋಗಿ ಬಂದವನ ಮಾತೂ ಇರಲೆಂದು ಬರೆಯುತ್ತಿದ್ದೇನೆ.

ನಿಮ್ಮ ಮಾವನವರಂತೆ ನನಗೂ ಮಂಡಿನೋವು. ದೊಡ್ಡ ಹಡಗಿನ ಉದ್ದ 300 ಮೀಟರಿನ ಹತ್ತಿರವಿರುತ್ತದೆ, ಅದರ ಓಣಿ ನಡೆದಷ್ಟೂ ಮುಗಿಯುವುದಿಲ್ಲ. ಆದರೆ ನಮ್ಮ ಹಡಗಿನಲ್ಲಿ ಹಿಂಭಾಗದಲ್ಲೇ ಒಂದು ಲಿಫ್ಟ್ ಇತ್ತು. ಅದರಲ್ಲಿ ಇಳಿದರೆ ಊಟದ ಮನೆ, ಹತ್ತಿದರೆ ಬಫೆ. ದಿನಕ್ಕೆ ಮೂರು ಹೊತ್ತಿನ ನಡಿಗೆ ಉಳಿಯಿತು. ನಾಟಕ, ಸಂಗೀತ ನಡೆಯುವ ಸಭಾಂಗಣ ಮುಂಭಾಗದಲ್ಲಿತ್ತು, ಅಲ್ಲಿಗೆ ನಾನು ಎರಡೇ ಸಲ ಹೋದೆ. ನಿಮ್ಮ ಹಡಗಿನ ಹಿಂದಿನ ಲಿಫ್ಟ್ ಕ್ಯಾಬಿನ್ನಿಗೆ ಎಷ್ಟು ಹತ್ತಿರ ಎಂದು ನಕ್ಷೆಯಲ್ಲಿ ನೋಡಿ ಗುರುತು ಹಾಕಿಕೊಳ್ಳಮ್ಮ.

ಯಾರೂ ಹೇಳದ ಒಂದು ಮಾತಿದೆ. ಕ್ಯಾಬಿನ್ನಿನಿಂದ ಬಾಲ್ಕನಿಗೆ ಹೋಗುವಲ್ಲಿ ನೀರು ಒಳಗೆ ಬಾರದಂತೆ ಎತ್ತರದ ಹೊಸ್ತಿಲು ಇರುತ್ತದೆ. ನಾನು ಮೊದಲ ದಿನವೇ ಎಡವಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡೆ. ಆ ಬಾಗಿಲೂ ಭಾರ. ಓಣಿಯ ಬಾಗಿಲು ಅದೇ ಹೊತ್ತಿಗೆ ತೆರೆದರೆ ಗಾಳಿಯ ಸೆಳೆತಕ್ಕೆ ಕೈಯಿಂದ ಕಿತ್ತುಕೊಂಡು ಹೋಗಿ ಬಡಿಯುತ್ತದೆ, ಬೆರಳು ಜೋಪಾನ. ನಮ್ಮ ಮಗಳು ಹೊಸ್ತಿಲ ಮೇಲೆ ಹಳದಿ ಬಣ್ಣದ ಟವೆಲ್ಲೊಂದನ್ನು ಹಾಸಿಟ್ಟಳು, ರಾತ್ರಿ ಎದ್ದಾಗಲೂ ಕಣ್ಣಿಗೆ ಬೀಳುತ್ತಿತ್ತು.

ನಮ್ಮಂಥವರು ಬಂದರುಗಳಲ್ಲಿ ಇಳಿದು ಹೆಚ್ಚು ಓಡಾಡಲಾರೆವು. ಕೆಚಿಕನ್‌ನಲ್ಲಿ ಮಳೆ ಹಿಡಿದಿತ್ತು, ಮಕ್ಕಳು ಇಳಿದು ಹೋದರು, ನಾವಿಬ್ಬರೂ ಬಾಲ್ಕನಿಯಲ್ಲೇ ಕುಳಿತು ದೋಣಿಗಳನ್ನೂ ನೀರಿನ ಮೇಲಿಳಿಯುವ ಪುಟ್ಟ ವಿಮಾನಗಳನ್ನೂ ನೋಡಿದೆವು. ಮೇಲಿನ ಡೆಕ್ಕಿನ ಚಾಚು ಅಡ್ಡವಿದ್ದುದರಿಂದ ಹನಿಯೂ ತಾಗಲಿಲ್ಲ. ಹಿಂಬದಿಯದಕ್ಕೆ ಹೆಚ್ಚು ಕೊಡುವ ಹಣ ನಮ್ಮಂಥವರಿಗೆ ಸಲ್ಲುತ್ತದೆ.

ಕೇಳಿದವರು, ಬೆಲ್‌ವ್ಯೂ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಈ ದಿನ ಏಜೆಂಟರಿಗೆ ಫೋನ್ ಮಾಡಿ ಕೇಳಿದಾಗ ತಿಳಿದುಬಂದದ್ದೇನೆಂದರೆ, ಅವರು ಹಿಡಿದಿಟ್ಟಿದ್ದ ಹಿಂಬದಿಯ ಕ್ಯಾಬಿನ್ ಬಫೆಯ ನೇರ ಕೆಳಗಿನದು. ಅದನ್ನು ಬಿಟ್ಟುಬಿಟ್ಟೆವು. ಸಿಯಾಟಲ್ ಹಡಗುಗಳೂ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವುದರಿಂದ ಅತ್ತೆ, ಮಾವನವರಿಗೆ ಕೆನಡಾ ವೀಸಾ ಹೇಗಿದ್ದರೂ ಬೇಕೇ ಬೇಕಾಗಿತ್ತು. ಆದ್ದರಿಂದ ನಾವೇ ಕಾರಿನಲ್ಲಿ ಕೆನಡಾದಲ್ಲೇ ಇರುವ ವ್ಯಾಂಕೂವರ್‌ಗೆ ಹೋಗಿ ಅಲ್ಲಿಂದ ಹೊರಡುವ, ಗ್ಲೇಸಿಯರ್ ಬೇ ಒಳಗೆ ಹೋಗುವ ಹಡಗನ್ನೇ ಹುಡುಕಲು ಹೇಳಿದ್ದೇವೆ. ಮೇಲೂ ಕೆಳಗೂ ಕ್ಯಾಬಿನ್‌ಗಳಿರುವ ಹಿಂಬದಿಯ ಬಾಲ್ಕನಿ ಸಿಕ್ಕರೆ ಅದು, ಸಿಗದಿದ್ದರೆ ನಡುಭಾಗದ್ದು.

ಹೊಸ್ತಿಲಿನ ವಿಷಯವನ್ನು ಮಾವನವರಿಗೆ ಹೇಳಿದೆ. ಮೈಸೂರಿನ ನಮ್ಮ ದೇವರಮನೆಯ ಹೊಸ್ತಿಲಿಗಿಂತ ಎತ್ತರವೋ ಎಂದು ಕೇಳಿದರು. ಅದು ಒಂದು ಗೇಣು ಇದೆ. ಶಿವಮೊಗ್ಗದ ಹಿರಿಯರು ಅಂದಾಜು ಅಳತೆ ತಿಳಿಸಿದರೆ ಉಪಕಾರವಾಗುತ್ತದೆ.

ಶಿವಮೊಗ್ಗದಿಂದ

ನಾವಿದ್ದ ಹಡಗಿನಲ್ಲಿ ಒಂದು ಗೇಣಿಗಿಂತ ಸ್ವಲ್ಪ ಕಡಿಮೆಯೇ ಇತ್ತು. ದೇವರಮನೆಯ ಹೊಸ್ತಿಲು ದಾಟುವವರು ಅದನ್ನೂ ದಾಟುತ್ತಾರೆ, ಆದರೆ ಹಡಗು ಅಲುಗುವಾಗ ದಾಟಬೇಕಲ್ಲ, ಒಂದು ಕೈ ಚೌಕಟ್ಟಿನ ಮೇಲಿರಲಿ.