ಕಾಲು ಸೋತು ನಡುಗಿದರೂ ಇಎಂಜಿ ಮೀಡಿಯನ್ ಫ್ರೀಕ್ವೆನ್ಸಿ ಇಳೀತಿಲ್ಲ, ಯಾಕೆ?

ಪ್ರಶ್ನೆ:
ಇಎಂಜಿ (ಸ್ನಾಯುವಿನ ವಿದ್ಯುತ್ ಸಿಗ್ನಲ್) ಅಳೆಯೋ ಮೈಯೋವೇರ್ ಸೆನ್ಸರ್, ಆರ್ಡುಯಿನೋ ಊನೋ ಬೋರ್ಡ್, ಸೆನ್ಸರಿನ ಸಿಗ್ ಪಿನ್ನಿಂದ ಬೋರ್ಡಿನ ಎ0ಗೆ ವೈರು, ಕಂಪ್ಯೂಟರಿಗೆ ಡೇಟಾ ಕಳಿಸೋ ಸೀರಿಯಲ್ ವೇಗ 9600 ಬಾಡ್. ಗೋಡೆಗೆ ಬೆನ್ನು ಕೊಟ್ಟು, ಮಂಡಿ 90 ಡಿಗ್ರಿ ಬಾಗಿಸಿ ಕೂತು ತೊಡೆಯ ಹೊರಬದಿ ಸ್ನಾಯು ಅಳೀತಿದ್ದೀನಿ. ಎರಡು ನಿಮಿಷಕ್ಕೆ ಕಾಲು ಗಡಗಡ. ಸ್ನಾಯು ಸೋತರೆ ಮೀಡಿಯನ್ ಫ್ರೀಕ್ವೆನ್ಸಿ (ಸಿಗ್ನಲ್ ಶಕ್ತಿಯನ್ನು ಸರಿಯಾಗಿ ಅರ್ಧ ಮಾಡೋ ಫ್ರೀಕ್ವೆನ್ಸಿ) ಇಳೀಬೇಕು, ಆದರೆ ಅದು ಮೊದಲಿಂದ ಕೊನೇತನಕ 3-4 ಹರ್ಟ್ಸ್. ಕೋಡ್ ತಪ್ಪಾ?

ಉತ್ತರ 1:
ಪಿನ್ ತಪ್ಪು. ಸಿಗ್‌ನಲ್ಲಿ ಬರೋದು ರೆಕ್ಟಿಫೈ ಆಗಿ (ಋಣ ಭಾಗ ಧನಕ್ಕೆ ತಿರುಗಿ) ನುಣುಪಾದ ಎನ್ವಲಪ್, ಅಂದರೆ ಸಿಗ್ನಲ್ಲಿನ ಹೊರರೇಖೆ. ಸ್ನಾಯು ಎಷ್ಟು ಜೋರಾಗಿ ದುಡೀತಿದೆ ಅಂತ ಮಾತ್ರ ಅದರಿಂದ ಗೊತ್ತಾಗುತ್ತೆ. ವೈರನ್ನು ರಾ (ಕಚ್ಚಾ ಸಿಗ್ನಲ್) ಪಿನ್‌ಗೆ ಹಾಕಿ. ಅದು ಸಪ್ಲೈ ವೋಲ್ಟೇಜಿನ ಅರ್ಧದ ಸುತ್ತ ಆಡುತ್ತೆ, ಎಫ್‌ಎಫ್‌ಟಿಗೆ (ಸಿಗ್ನಲ್ಲನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸೋ ಲೆಕ್ಕ) ಮುಂಚೆ ಸರಾಸರಿ ಕಳೀರಿ.

ಪಿನ್ ಬದಲಿಸಿದ ಮೇಲೂ 9600 ಕಾಡುತ್ತೆ. ಸೆಕೆಂಡಿಗೆ 960 ಅಕ್ಷರ. "512" ಅನ್ನೋ ಒಂದು ರೀಡಿಂಗ್‌ಗೆ ಮೂರು, ಸಾಲು ಮುಗಿಸೋ ಎರಡು ಸೇರಿ 5. ಅಲ್ಲಿಗೆ ಸೆಕೆಂಡಿಗೆ 190 ಚಿಲ್ಲರೆ ಸ್ಯಾಂಪಲ್. ಅದರ ಅರ್ಧ, ಅಂದರೆ 95 ಹರ್ಟ್ಸ್ ಮೇಲಿನದೆಲ್ಲ ಮಡಚಿಕೊಂಡು ಕೆಳಗೆ ಬೀಳುತ್ತೆ, ಇಎಂಜಿಯ ತಿರುಳೇ 50ರಿಂದ 150ರಲ್ಲಿದೆ! ಬಾಡ್ 115200 ಮಾಡಿ, ಡಿಲೇ ಬಿಟ್ಟು ಟೈಮರ್ ಇಂಟರಪ್ಟ್‌ನಲ್ಲಿ (ನಿಗದಿತ ಅಂತರಕ್ಕೆ ತಾನೇ ಓಡೋ ಕೋಡ್) ಸೆಕೆಂಡಿಗೆ 1000 ಸ್ಯಾಂಪಲ್ ತೆಗೀರಿ. ಆಮೇಲೆ 20–450 ಹರ್ಟ್ಸ್ ನಡುವಿನದನ್ನು ಮಾತ್ರ ಉಳಿಸೋ ಬ್ಯಾಂಡ್‌ಪಾಸ್ ಫಿಲ್ಟರ್, ಲೆಕ್ಕಕ್ಕೆ 1 ಸೆಕೆಂಡಿನ ವಿಂಡೋ (ತುಣುಕು).

ಉತ್ತರ 2:
ಎಲೆಕ್ಟ್ರೋಡ್ ಜಾಗಾನೂ ನೋಡ್ಕೊಳ್ಳಿ. ಸೊಂಟದ ಮುಂದಿನ ಮೂಳೆ ತುದಿಯಿಂದ ಮಂಡಿಚಿಪ್ಪಿನ ಹೊರ ಅಂಚಿಗೆ ಗೆರೆ ಎಳೆದು, ಮೇಲಿಂದ ಮೂರನೇ ಎರಡರಷ್ಟು ಕೆಳಗೆ, ನಾರು ಓಡೋ ದಿಕ್ಕಿಗೇ ಅಂಟಿಸಿ. ರೆಫರೆನ್ಸ್ (ಹೋಲಿಕೆಗೆ ಇಡೋ ಮೂರನೇ) ಎಲೆಕ್ಟ್ರೋಡ್ ಮಂಡಿಚಿಪ್ಪಿನ ಮೇಲೆ. ಕೂದಲು ಬೋಳಿಸಿ, ಸ್ಪಿರಿಟ್ಟಲ್ಲಿ ಒರೆಸಿ, ಪೂರ್ತಿ ಒಣಗಲಿ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ: ಸುರಕ್ಷತೆಗೂ ಅದೇ ಸರಿ, ಮನೆ ಕರೆಂಟಿನ 50 ಹರ್ಟ್ಸ್ ಗುಂಯ್‌ಗೂ ಅದೇ ಮದ್ದು. 50 ಹರ್ಟ್ಸ್ ಕತ್ತರಿಸೋ ನಾಚ್ ಫಿಲ್ಟರ್ ಹಾಕಿದರೆ 50ರ ಆಸುಪಾಸಿನ ಅಸಲಿ ಸಿಗ್ನಲ್ಲೂ ಹೋಗುತ್ತೆ.

ಅಳೆಯೋ ಕಾಲಿನ ಕೆಳಗೊಂದು ತೂಕದ ಮಷೀನ್ ಇಡಿ. ನೋವು ಶುರುವಾದರೆ ಯಾರೇ ಆದರೂ ಗೊತ್ತಿಲ್ಲದೆ ಭಾರಾನ ಇನ್ನೊಂದು ಕಾಲಿಗೆ ದಾಟಿಸ್ತಾರೆ.

ಪ್ರಶ್ನೆ ಕೇಳಿದವರು:
ರಾ ಪಿನ್, 115200 ಎರಡೂ ಆಯ್ತು. ಈಗ 80ರಿಂದ 61ಕ್ಕೆ ಇಳೀತು, ಥ್ಯಾಂಕ್ಸ್ ಸರ್. ಆದರೆ ಆಂಪ್ಲಿಟ್ಯೂಡ್ (ಸಿಗ್ನಲ್ಲಿನ ಎತ್ತರ) ಏರ್ತಿದೆ! ಇದನ್ನೇ ಸೈಕಲ್ ತುಳಿಯುವಾಗ ಹಾಕಬಹುದಾ?

ಉತ್ತರ 1:
ಏರಬೇಕಾದ್ದೇ. ಸೋತ ನಾರುಗಳ ಜೊತೆಗೆ ಹೊಸ ಮೋಟಾರ್ ಯೂನಿಟ್‌ಗಳೂ (ಒಂದೇ ನರಕೋಶ ನಡೆಸೋ ನಾರುಗಳ ಗುಂಪು) ಕೆಲಸಕ್ಕೆ ಇಳಿಯುತ್ತವೆ. ನಾರಿನಲ್ಲಿ ವಿದ್ಯುತ್ ಅಲೆ ಹರಿಯೋ ವೇಗ ತಗ್ಗೋದರಿಂದ ಫ್ರೀಕ್ವೆನ್ಸಿ ಇಳಿಯುತ್ತೆ.

ತುಳಿಯುತ್ತಾ ಅಳೆದರೆ ನಂಬಬೇಡಿ. ಚರ್ಮದಡಿ ಸ್ನಾಯು ಜಾರುತ್ತೆ, ಬೆವರು ಎರಡು ಎಲೆಕ್ಟ್ರೋಡನ್ನೂ ಸೇರಿಸಿಬಿಡುತ್ತೆ, ಮೇಲಾಗಿ ಸ್ನಾಯು ಬಿಸಿಯಾದರೆ ಫ್ರೀಕ್ವೆನ್ಸಿ ಏರಿ ಸೋಲನ್ನೇ ಮುಚ್ಚಿಹಾಕುತ್ತೆ. ಐದೈದು ನಿಮಿಷಕ್ಕೆ ಇಳಿದು, ಇದೇ ಕೋನದಲ್ಲಿ ಗೋಡೆಗೊರಗಿ 10 ಸೆಕೆಂಡ್ ಅಳೀರಿ. ತಡ ಮಾಡಬೇಡಿ, ಸುಧಾರಿಸಿಕೊಳ್ಳೋದು ಇಳಿದ ಕ್ಷಣದಿಂದಲೇ ಶುರು.