ಅಪ್‌ಡೇಟ್: ಫೆಬ್ರವರಿ ಹಿಮದಲ್ಲಿ ಒಂದೇ ದಿನದ ಚಂದ್ರಶಿಲಾ

ಸಮುದ್ರಮಟ್ಟದ ಕಾಸರಗೋಡಿನಿಂದ ಹೋಗುವವರು ಫೆಬ್ರವರಿಯಲ್ಲಿ ಉತ್ತರಾಖಂಡದ ಚೋಪ್ತಾದಿಂದ ಚಂದ್ರಶಿಲಾ ಶಿಖರ ಹತ್ತಿ ಅದೇ ದಿನ ಇಳಿಯಬಹುದೇ ಎಂದು ಹಿಂದೆ ಕೇಳಿದ್ದೆ; ನಸುಕಿಗೇ ಹೊರಡಿ ಎಂದು ಕೆಲವರು ಹೇಳಿದ್ದರು. ಆಗುತ್ತದೆ. ಆದರೆ ತಲುಪಿದ ದಿನವೇ ಬೇಡ. ಚೋಪ್ತಾವೇ ಸುಮಾರು 2,700 ಮೀಟರ್ ಎತ್ತರದಲ್ಲುಂಟು, ಒಂದು ರಾತ್ರಿಯಾದರೂ ಅಲ್ಲಿ ಮಲಗಿ.

ನಡುವೆ ಸಿಗುವ ತುಂಗನಾಥ ದೇವಸ್ಥಾನದವರೆಗೆ ಸುಮಾರು 4 ಕಿ.ಮೀ. ಕಲ್ಲುಹಾಸಿನ ದಾರಿ. ಚಳಿಗಾಲದಲ್ಲಿ ದೇವಸ್ಥಾನ ಮುಚ್ಚಿರುತ್ತದೆ, ಊಟ ಕಟ್ಟಿಕೊಂಡೇ ಹೋಗಿ. ಅಲ್ಲಿಂದ ಮೇಲಿನ ಒಂದೂವರೆ ಕಿ.ಮೀ.ಯೇ ಕಠಿಣ. ನಸುಕಿಗೇ ಹೊರಡಿ ಎಂದವರ ಮಾತು ಪೂರ್ತಿ ಸರಿ: ರಾತ್ರಿ ಗಟ್ಟಿಯಾದ ಹಿಮಕ್ಕೆ ಮೈಕ್ರೋಸ್ಪೈಕ್ (ಬೂಟಿನಡಿ ಕಟ್ಟುವ ಉಕ್ಕಿನ ಹಲ್ಲುಗಳ ಸರಪಳಿ) ಚೆನ್ನಾಗಿ ಕಚ್ಚುತ್ತದೆ, ಬಿಸಿಲೇರಿದ ಮೇಲೆ ಕಾಲು ಮೊಣಕಾಲವರೆಗೆ ಹೂತುಹೋಗುತ್ತದೆ. ಒದ್ದೆ ಹಿಮ ಸ್ಪೈಕಿನಡಿ ಉಂಡೆಗಟ್ಟಿದರೆ ಹಲ್ಲು ನೆಲಕ್ಕೆ ತಾಗುವುದೇ ಇಲ್ಲ. ಊರುಗೋಲಿನಿಂದ ಬೂಟಿಗೆ ತಟ್ಟಿ ಉದುರಿಸುತ್ತಿರಬೇಕು.

ನೀರಿನ ಬಾಟಲಿ ತಲೆಕೆಳಗಾಗಿಡಿ, ನೀರು ಮೇಲಿನಿಂದ ಹೆಪ್ಪುಗಟ್ಟುವುದರಿಂದ ಬಾಯಿ ಕಟ್ಟುವುದಿಲ್ಲ. ಹತ್ತಿ ಬನಿಯನ್ ಬೇಡವೇ ಬೇಡ: ಬೆವರು ಹೀರಿಕೊಂಡು, ನಿಂತ ಕೂಡಲೇ ಮೈ ಕೊರೆಯುತ್ತದೆ. ತಂಪು ಕನ್ನಡಕ ಮರೆಯಬೇಡಿ.

ನಮ್ಮ ಕಾಸರಗೋಡಿನ ರಾಣಿಪುರಂ ಬೆಟ್ಟ ಹತ್ತಿ ಅಭ್ಯಾಸ ಮಾಡುವುದು ಕಾಲಿಗೆ ಒಳ್ಳೆಯದೇ, ಆದರೆ ತೆಳು ಗಾಳಿಗೆ ಅದು ಒಗ್ಗಿಸದು. ತಲೆನೋವಿನ ಜೊತೆ ವಾಂತಿಯೂ ಶುರುವಾದರೆ ಶಿಖರ ಎಷ್ಟೇ ಹತ್ತಿರವಿದ್ದರೂ ಇಳಿಯಿರಿ.